ಕೃಷ್ಣಾತೀರದ ದಾರಿಗಳೂ ಪ್ರಯಾಣದ ಸಿದ್ಧತೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡದ ಪಟ್ಟಣಗಳಲ್ಲಿ ಮೋಟಾರುಕಾರು ಈಗ ಸಿರಿವಂತರ ಅಲಂಕಾರವಾಗಿ ಉಳಿದಿಲ್ಲ. ವಕೀಲರು, ಶಿಕ್ಷಕರು, ವರ್ತಕರು, ಸರಕಾರಿ ನೌಕರರು ಕುಟುಂಬಸಮೇತರಾಗಿ ಯಡೂರಿಗೆ, ಚಿಂಚಲಿಗೆ, ಸವದತ್ತಿಗೆ, ಗಡಿಯಾಚೆಯ ಕೊಲ್ಲಾಪುರ ಪಂಢರಪುರಗಳಿಗೆ ಸ್ವಂತ ಗಾಡಿಯಲ್ಲಿಯೇ ಹೋಗಿಬರುತ್ತಾರೆ. ಇದು ಸಂತೋಷದ ಸಂಗತಿ. ಆದರೆ ಬುತ್ತಿಯ ಗಂಟನ್ನು ಕಟ್ಟುವಲ್ಲಿ ತೋರಿಸುವ ಆಸ್ಥೆಯ ಅರ್ಧದಷ್ಟನ್ನಾದರೂ ಗಾಡಿಯ ಮತ್ತು ದಾರಿಯ ವಿಷಯದಲ್ಲಿ ನಮ್ಮ ಜನರು ತೋರಿಸುತ್ತಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ೨೦೨೨ನೆಯ ಒಂದೇ ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ ೧,೬೮,೪೯೧ ಜನರು ಮಡಿದರೆಂದು ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯು ತಿಳಿಸುತ್ತದೆ. ಈ ಮರಣಗಳನ್ನೆಲ್ಲ ಹಣೆಬರಹದ ಲೆಕ್ಕಕ್ಕೆ ಬರೆದು ಸುಮ್ಮನಾಗುವದು ವಿಚಾರವಂತರಿಗೆ ಶೋಭಿಸದು.

ಪ್ರಯಾಣದ ಸಿದ್ಧತೆಯೆಂದರೆ ಗ್ಯಾರೇಜಿನ ಕೆಲಸವೆಂದೇ ಹಲವರು ತಿಳಿದಿದ್ದಾರೆ. ನಮ್ಮ ಸೀಮೆಯ ಮಟ್ಟಿಗೆ ಅದು ಅರ್ಧಸತ್ಯ. ಯಾವ ದಾರಿಯಿಂದ, ಯಾವ ಋತುವಿನಲ್ಲಿ, ದಿನದ ಯಾವ ವೇಳೆಗೆ ಹೊರಡಬೇಕೆಂಬ ನಿರ್ಣಯವೇ ಇಲ್ಲಿ ಸಿದ್ಧತೆಯ ಮೊದಲ ಅಂಗ. ಏಕೆಂದರೆ ಇಲ್ಲಿಯ ಅಪಾಯಗಳು ಅನಿರೀಕ್ಷಿತವಾದವುಗಳಲ್ಲ. ಅವು ಹಬ್ಬಹುಣ್ಣಿಮೆಗಳಂತೆ ವರ್ಷವರ್ಷವೂ ತಮ್ಮ ಕಾಲಕ್ಕೆ ಬರತಕ್ಕವು.

ಮೊದಲನೆಯದು ನದಿ. ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಕೃಷ್ಣೆಯನ್ನೂ ಕೂಡುವ ಈ ಭಾಗದಲ್ಲಿ ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭಿವಶಿ ಮುಂತಾದ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮುಳುಗುತ್ತ ಬಂದಿವೆ. ಇಲ್ಲಿ ಆಕಾಶವನ್ನು ನೋಡಿ ಹೊಳೆಯನ್ನು ಅಳೆಯಲಾಗದು. ಮಳೆ ಸುರಿಯುವದು ಸಹ್ಯಾದ್ರಿಯ ಮೇಲೆ. ಕೊಯ್ನಾ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರು ಏರುವದು ನಮ್ಮ ಸೇತುವೆಗಳ ಮೇಲೆ. ಅಥಣಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕೃಷ್ಣೆಯ ಸೇತುವೆಯು ನೀರಿನಡಿಯಲ್ಲಿರಬಹುದು. ೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ನಿಪ್ಪಾಣಿಯ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯು ಪುಣೆ-ಬೆಂಗಳೂರು ಹೆದ್ದಾರಿಯನ್ನೇ ತಡೆದು ನಿಲ್ಲಿಸಿದ್ದನ್ನು ವಾಚಕರು ಮರೆತಿರಲಾರರು. ಹರಿಯುವ ನೀರು ಒಂದು ಅಡಿಯಷ್ಟಿದ್ದರೆ ಅನೇಕ ಕಾರುಗಳು ತೇಲಲಾರಂಭಿಸುವವು. ಎರಡು ಅಡಿಯಿದ್ದರೆ ಕೊಚ್ಚಿಹೋಗುವವು. ಆದುದರಿಂದ ಮಳೆಗಾಲದಲ್ಲಿ ಹೊರಡುವವರು ತಾಲೂಕಾ ಅಧಿಕಾರಿಗಳ ಪ್ರಕಟನೆಯನ್ನು ತಿಳಿದೇ ಹೊರಡತಕ್ಕದ್ದು. ಸುತ್ತುದಾರಿಗೆ ಬೇಕಾಗುವ ಎಣ್ಣೆಯನ್ನು ಮೊದಲೇ ತುಂಬಿಸಿಕೊಳ್ಳತಕ್ಕದ್ದು.

ಎರಡನೆಯದು ಕಬ್ಬಿನ ಹಂಗಾಮು. ದೀಪಾವಳಿಯ ಸುಮಾರಿಗೆ ಕಾರಖಾನೆಗಳು ಆರಂಭವಾದೊಡನೆ ಎರಡೆರಡು ಟ್ರೇಲರುಗಳನ್ನೆಳೆಯುವ ಟ್ರಾಕ್ಟರುಗಳು ಇರುಳೆಲ್ಲ ದಾರಿಯ ಮೇಲಿರುತ್ತವೆ. ಹಲವುಗಳ ಬೆನ್ನಿಗೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಗಂಟೆಗೆ ೮೦ ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿಗೆ ೨೨ ಮೀಟರು ಸಾಗುತ್ತದೆ. ಚಾಲಕನ ಕಾಲು ಬ್ರೇಕಿಗೆ ತಲುಪುವ ಮೊದಲೇ ಅಂತರವು ಮುಗಿದಿರುತ್ತದೆ. ಈ ತಿಂಗಳುಗಳಲ್ಲಿ ಹಗಲಿನ ಪ್ರಯಾಣವೇ ಉತ್ತಮ. ಇರುಳಿನಲ್ಲಿ ಹೋಗಲೇಬೇಕಾದರೆ ದೀಪಗಳೂ ಮುಂದಿನ ಗಾಜೂ ಸ್ವಚ್ಛವಾಗಿರಲಿ, ವೇಗವು ಬೆಳಕಿನ ಅಳವನ್ನು ಮೀರದಿರಲಿ.

ಇನ್ನು ಗಾಡಿಯ ಮಾತು. ಟಯರಿನ ಗೆರೆಗಳ ಆಳವು ೧.೬ ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಗಾಳಿಯನ್ನು ಗಾಲಿಗಳು ತಣ್ಣಗಿರುವಾಗಲೇ ಪರೀಕ್ಷಿಸಬೇಕು. ಹೆಚ್ಚಿನ ಗಾಲಿಯಲ್ಲಿಯೂ ಗಾಳಿ ಇರಬೇಕು. ನಿಪ್ಪಾಣಿಯಾಚೆಯ ತವಂದಿ ಘಾಟಿನ ಇಳಿಜಾರಿನಲ್ಲಿ ಬ್ರೇಕನ್ನೊಂದನ್ನೇ ನಂಬದೆ ಕೆಳಗಿನ ಗೇರಿನಲ್ಲಿಳಿಯುವದು ಜಾಣತನ. ಸೀಟುಬೆಲ್ಟು ಮುಂದಿನವರಿಗೆ ಮಾತ್ರವೆಂಬ ಭ್ರಮೆಯು ಸುಶಿಕ್ಷಿತರಲ್ಲಿಯೂ ಇದೆ. ೨೦೨೨ರ ಸಪ್ಟಂಬರದಲ್ಲಿ ಪಾಲಘರದ ಹೆದ್ದಾರಿಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಮಡಿದದ್ದು ಬೆಲೆಯುಳ್ಳ ಕಾರಿನ ಹಿಂದಿನ ಆಸನದಲ್ಲಿಯೇ, ಬೆಲ್ಟು ಬಿಗಿಯದಿದ್ದಾಗಲೇ. ತೊಡೆಯ ಮೇಲಿನ ಕೂಸನ್ನು ಅಪಘಾತದ ಕ್ಷಣದಲ್ಲಿ ತಾಯಿಯ ಕೈಗಳು ಹಿಡಿದಿಡಲಾರವು.

ಜೊತೆಗಿರಬೇಕಾದ ವಸ್ತುಗಳು ಹೆಚ್ಚಿನವಲ್ಲ: ಜ್ಯಾಕು, ಬ್ಯಾಟರಿ ದೀಪ, ಎಚ್ಚರಿಕೆಯ ಕೆಂಪು ತ್ರಿಕೋನ, ಪ್ರಥಮೋಪಚಾರದ ಪೆಟ್ಟಿಗೆ, ಕುಡಿಯುವ ನೀರು, ನಿತ್ಯದ ಔಷಧಿ, ಮೊಬೈಲು. ಲೈಸೆನ್ಸು ವಿಮೆಗಳ ಪತ್ರಗಳು ಡಿಜಿಲಾಕರಿನಲ್ಲಿದ್ದರೂ ಸಾಕು. ಸಂಕಟದಲ್ಲಿ ೧೧೨, ರಾಷ್ಟ್ರೀಯ ಹೆದ್ದಾರಿಯಲ್ಲಿ ೧೦೩೩ ಎಂಬ ಸಂಖ್ಯೆಗಳು ಮನೆಯವರೆಲ್ಲರಿಗೂ ಬಾಯಿಪಾಠವಿರಲಿ. ಗಾಯಾಳುವಿಗೆ ಸದ್ಭಾವದಿಂದ ನೆರವಾದವನನ್ನು ಕಾಯಿದೆಯು ಹೊಣೆಗಾರನನ್ನಾಗಿ ಮಾಡುವದಿಲ್ಲವೆಂದು ೨೦೧೯ರ ತಿದ್ದುಪಡಿಯು ಸ್ಪಷ್ಟಪಡಿಸಿದೆ. ಪೋಲೀಸರ ಭಯದಿಂದ ಮುಖ ತಿರುಗಿಸಿ ಹೋಗುವವರಿಗೆ ಇನ್ನು ನೆಪವಿಲ್ಲ.

ಪ್ರಜೆಗಳ ಕರ್ತವ್ಯವನ್ನು ಹೇಳಿ ಅಧಿಕಾರಿಗಳದನ್ನು ಬಿಡುವದು ನ್ಯಾಯವಾಗದು. ನೀರು ಸೇತುವೆಯನ್ನು ಮುಟ್ಟುವ ಮೊದಲೇ ಎರಡೂ ದಂಡೆಗಳಲ್ಲಿ ಅಡ್ಡಗಂಬ ಬೀಳಬೇಕು, ಆಳವನ್ನು ತೋರಿಸುವ ಕಂಬ ನಿಲ್ಲಬೇಕು. ಮಹಾರಾಷ್ಟ್ರದಲ್ಲಿ ನೀರು ಬಿಟ್ಟ ಸುದ್ದಿಯು ಕನ್ನಡ ಮರಾಠಿಗಳೆರಡರಲ್ಲಿಯೂ ಕೂಡಲೇ ಹಳ್ಳಿಗೆ ಮುಟ್ಟಬೇಕು. ಹೊಳೆಯುವ ಪಟ್ಟಿಯಿಲ್ಲದ ಟ್ರೇಲರಿನ ಕಬ್ಬನ್ನು ತೂಗುವದಿಲ್ಲವೆಂದು ಕಾರಖಾನೆಗಳ ಆಡಳಿತದವರು ನಿಶ್ಚಯಿಸಿದರೆ, ದಂಡದಿಂದಾಗದ ಸುಧಾರಣೆಯು ಒಂದೇ ಹಂಗಾಮಿನಲ್ಲಿ ಆದೀತು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ಮುಂದಿನ ಮಳೆಗಾಲ ಹಂಗಾಮುಗಳ ಮೊದಲೇ ಜಿಲ್ಹೆಯ ಅಧಿಕಾರಿಗಳು ಇದಿಷ್ಟನ್ನು ಮಾಡಿ ತೋರಿಸುವರೆಂದೂ, ನಾಗರಿಕರು ಅವರ ಆಜ್ಞೆಗೆ ಕಾಯದೆ ತಮ್ಮ ಪಾಲಿನದನ್ನು ಇಂದೇ ಆರಂಭಿಸುವರೆಂದೂ ನಾವು ಆಶಿಸುತ್ತೇವೆ.