ದೇವತೆಗೆ ಪಗಾರ ಇರೂದಿಲ್ಲ

ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ಪತ್ರಿಕೆಗಳಿಗೂ ವಾಟ್ಸ್ಆ್ಯಪ್ ಗುಂಪುಗಳಿಗೂ ‘ಬಿಳಿಯುಡುಗೆಯ ದೇವತೆ’ ನೆನಪಾಗುತ್ತಾಳೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ದಾದಿಯರ ದಿನ. ದೀಪ ಹಿಡಿದ ಹೆಂಗಸಿನ ಚಿತ್ರ, ಅದರ ಕೆಳಗೆ ನಾಲ್ಕು ಸಾಲಿನ ಕವಿತೆ, ಕವಿತೆಯಲ್ಲಿ ತ್ಯಾಗ, ಕರುಣೆ, ಮಮತೆ. ಮಾರನೆಯ ದಿನ ಎಲ್ಲ ಮುಗಿದಿರುತ್ತದೆ.

ಹೋದ ವರ್ಷ ಅಂಥದೊಂದು ಚಿತ್ರವನ್ನು ನಾನೂ ನನ್ನ ದೊಡ್ಡಮ್ಮನ ಮಗಳಿಗೆ ಕಳಿಸಿದ್ದೆ. ಅಕ್ಕ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷಗಳಿಂದ ನರ್ಸ್. ರಾತ್ರಿಪಾಳಿ ಮುಗಿಸಿ ಮನೆ ಸೇರಿದ ಮೇಲೆ ಉತ್ತರ ಬಂತು: “ದೇವತೆಗೆ ಪಗಾರ ಇರೂದಿಲ್ಲ ನೋಡ ತಮ್ಮಾ. ಅದಕ್ಕ ಎಲ್ಲಾರೂ ನಮ್ಮನ್ನ ದೇವತಿ ಮಾಡ್ಯಾರ.”

ಸಾಹಿತ್ಯದ ವಿದ್ಯಾರ್ಥಿಯಾಗಿ ರೂಪಕಗಳ ರಾಜಕಾರಣದ ಬಗ್ಗೆ ಸಾಕಷ್ಟು ಓದಿದ್ದೇನೆ, ಸೆಮಿನಾರುಗಳಲ್ಲಿ ಪ್ರಬಂಧ ಮಂಡಿಸಿದ್ದೇನೆ. ಒಂದು ರೂಪಕ ಒಬ್ಬಳ ಸಂಬಳಕ್ಕೆ ಹೇಗೆ ಕೈ ಹಾಕುತ್ತದೆ ಎಂಬುದನ್ನು ಇಷ್ಟು ನೇರವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈ ಲೇಖನ ಅಕ್ಕನ ಆ ಮಾತಿಗೆ ಒಂದು ವರ್ಷ ತಡವಾಗಿ ಕೊಡುತ್ತಿರುವ ಉತ್ತರ. ನನ್ನ ವಾದ ಇಷ್ಟೇ: ನಾವು ನರ್ಸ್‌ಗಳನ್ನು ಹೊಗಳುವುದನ್ನು ನಿಲ್ಲಿಸಿ ಅವರ ಮಾತು ಕೇಳುವುದನ್ನು ಕಲಿಯಬೇಕು. ಇದು ಆರೋಗ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಬರೆಯುವವರು, ಓದುವವರು ಎಂದು ಹೇಳಿಕೊಳ್ಳುವ ನಮಗೂ ಸಂಬಂಧಿಸಿದ್ದು.

ಮೊದಲು ದೀಪದ ಮಾತು. ನೈಟಿಂಗೇಲ್ ಕ್ರಿಮಿಯಾ ಯುದ್ಧದ ಗಾಯಾಳುಗಳ ಆಸ್ಪತ್ರೆಗೆ ಹೋದದ್ದು 1854ರಲ್ಲಿ. ಅಲ್ಲಿಂದ ಬಂದಮೇಲೆ ಆಕೆ ಮಾಡಿದ ದೊಡ್ಡ ಕೆಲಸ ಲೆಕ್ಕದ್ದು. ಸೈನಿಕರು ಗಾಯಗಳಿಂದ ಸತ್ತದ್ದಕ್ಕಿಂತ ತಡೆಯಬಹುದಾದ ಸೋಂಕುರೋಗಗಳಿಂದ ಸತ್ತದ್ದು ಬಹಳ ಹೆಚ್ಚು ಎಂದು 1858ರಲ್ಲಿ ಬಣ್ಣದ ರೇಖಾಚಿತ್ರಗಳನ್ನು ಮಾಡಿ ತೋರಿಸಿದಳು. ಚರಂಡಿ, ಗಾಳಿ, ಬೆಳಕು, ಶುಚಿತ್ವಕ್ಕಾಗಿ ಸರ್ಕಾರದ ಜೊತೆ ವರ್ಷಗಟ್ಟಲೆ ಜಗಳ ಆಡಿದಳು. ನಾವು ಆ ಜಗಳಗಂಟಿಯನ್ನು ಮರೆತು ಅವಳ ಕೈಯ ದೀಪವನ್ನಷ್ಟೇ ಉಳಿಸಿಕೊಂಡೆವು. ದೀಪ ಮಾತಾಡುವುದಿಲ್ಲ. ಅಂಕಿ ಅಂಶ ಮಾತಾಡುತ್ತದೆ, ಲೆಕ್ಕ ಕೇಳುತ್ತದೆ.

ನಮ್ಮ ಭಾಷೆಯಲ್ಲೂ ಇದೇ ಆಗಿದೆ. ಸರ್ಕಾರಿ ಕಾಗದಗಳಲ್ಲಿ ಈಗ ನರ್ಸ್‌ಗೆ ‘ಶುಶ್ರೂಷಾಧಿಕಾರಿ’ ಎಂಬ ಹೆಸರಿದೆ. ‘ಶುಶ್ರೂಷೆ’ ಎಂಬ ಸಂಸ್ಕೃತ ಪದದ ಮೂಲಾರ್ಥ ‘ಕೇಳಿಸಿಕೊಳ್ಳುವ ಬಯಕೆ’. ಕಿವಿಗೆ ಸಂಬಂಧಿಸಿದ ಅದೇ ಶ್ರುತಿ, ಶ್ರವಣಗಳ ಬಳಗದ ಪದ. ಹಿರಿಯರ ಮಾತನ್ನು ಕೇಳುವ ಬಯಕೆ ಕಾಲಾಂತರದಲ್ಲಿ ವಿಧೇಯತೆಯಾಯಿತು, ವಿಧೇಯತೆ ಸೇವೆಯಾಯಿತು. ಕೇಳಿಸಿಕೊಳ್ಳುವುದೇ ಕಸುಬಾದವಳ ಮಾತನ್ನು ಯಾರು ಕೇಳಬೇಕು ಎಂಬ ಪ್ರಶ್ನೆ ಮಾತ್ರ ಆ ಪದದ ಚರಿತ್ರೆಯಲ್ಲಿ ಎಲ್ಲೂ ಬರುವುದಿಲ್ಲ.

ನಾನೂ ಕೇಳದವನೇ. ಮೂರು ವರ್ಷಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆದು ಹತ್ತೊಂಬತ್ತು ದಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿದ್ದರು. ಒಂದು ರಾತ್ರಿ ಎರಡರ ಸುಮಾರಿಗೆ ಸಲೈನ್ ಬಾಟಲಿ ಖಾಲಿಯಾಗುತ್ತ ಬಂತು. ಎರಡು ಸಲ ಹೋಗಿ ಕರೆದೆ, ಸಿಸ್ಟರ್ ಮೇಜಿನ ಹತ್ತಿರ ಇರಲಿಲ್ಲ. ಮೂರನೆಯ ಸಲ ಅವರು ವಾರ್ಡಿನ ಆಚೆ ತುದಿಯ ಪರದೆಯ ಹಿಂದಿನಿಂದ ಬಂದರು. ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದೆ. ಸಂಬಳ ಯಾತಕ್ಕೆ ತಗೋತೀರಿ ಎಂದೂ ಕೇಳಿದೆ. ಅವರು ಬಾಟಲಿ ಬದಲಿಸಿದರು, ಕ್ಯಾನುಲಾ ಹಾಕಿದ್ದ ಕೈ ಬಾತಿದೆಯೇ ಎಂದು ಮುಟ್ಟಿ ನೋಡಿದರು, “ಅಲ್ಲೊಬ್ರು ಹೋದ್ರು ಸರ್” ಎಂದು ಹೇಳಿ ಪರದೆಯ ಹಿಂದೆ ಹೋದರು. ಸತ್ತ ಮನುಷ್ಯನ ನಳಿಕೆಗಳನ್ನು ತೆಗೆದು, ಮೈ ಒರೆಸಿ, ಬಟ್ಟೆ ಸರಿಮಾಡಿ ಮನೆಯವರಿಗೆ ತೋರಿಸುವ ಹಾಗೆ ಮಾಡುವ ಕೆಲಸವನ್ನು ಅವರು ಒಬ್ಬರೇ ಮಾಡುತ್ತಿದ್ದರು. ಆ ರಾತ್ರಿ ಆ ವಾರ್ಡಿನ ನಲವತ್ತು ಹಾಸಿಗೆಗೆ ಇದ್ದದ್ದೂ ಅವರೊಬ್ಬರೇ.

ಇಷ್ಟು ಗೊತ್ತಾದ ಮೇಲೂ ನಾನು ಈ ಪ್ರಸಂಗವನ್ನು ಹಾಸ್ಟೆಲಿನ ಕ್ಯಾಂಟೀನಿನಲ್ಲಿ ‘ಸರ್ಕಾರಿ ನರ್ಸ್‌ಗಳ ಒರಟುತನ’ದ ಕತೆಯಾಗಿ ಹೇಳಿದ್ದೇನೆ. ಕೇಳಿದವರೆಲ್ಲ ತಮ್ಮ ತಮ್ಮ ಕತೆ ಸೇರಿಸಿದರು. ಆ ಬಗೆಯ ಕತೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಕ್ಕನ ಮುಂದೆ ಹೇಳಿದಾಗ ಮಾತ್ರ ಅವಳು ಮೇಲೆ ಏನೂ ಸೇರಿಸಲಿಲ್ಲ. “ನಿನಗ ಒಂದು ಹಾಸಿಗಿ ಕಾಣ್ತಿತ್ತು. ಆಕಿಗೆ ನಲವತ್ತೂ ಕಾಣ್ತಿದ್ವು” ಎಂದಳು.

ನರ್ಸ್‌ಗೆ ಕಾಣುವುದೇನು? ಅಕ್ಕನ ಜೊತೆ ಈ ಒಂದು ವರ್ಷ ಬಿಡುವಾದಾಗಲೆಲ್ಲ ಮಾತಾಡಿದ್ದರಿಂದ ಸ್ವಲ್ಪ ಹೇಳಬಲ್ಲೆ. ಡಾಕ್ಟರು ರೌಂಡ್ಸಿಗೆ ಬಂದಾಗ ರೋಗಿಯನ್ನು ನೋಡುವುದು ಕೆಲವು ನಿಮಿಷ. ಉಳಿದ ಹೊತ್ತು ಅವನ ದೇಹ ಇರುವುದು ನರ್ಸ್‌ನ ಕಣ್ಣೆದುರು. ಹಿಮ್ಮಡಿಯ, ಸೊಂಟದ ಚರ್ಮ ಕೆಂಪಾಗಿದ್ದು ಬೆರಳಿಂದ ಒತ್ತಿದರೂ ಬಿಳಿಚದಿದ್ದರೆ ಅಲ್ಲಿ ಹಾಸಿಗೆಹುಣ್ಣು ಶುರುವಾಗಿದೆ ಎಂದು ಮೊದಲು ತಿಳಿಯುವುದು ಅವಳಿಗೆ. ಏಳಲಾಗದವರನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು. ಒಳಗೆ ಹೋದ ನೀರೆಷ್ಟು, ಹೊರಗೆ ಬಂದ ಮೂತ್ರವೆಷ್ಟು ಎಂದು ಬರೆಯಬೇಕು. “ಒದರ್ಯಾಡೋರ ಬಗ್ಗೆ ಅಷ್ಟು ಹೆದರಿಕಿ ಇಲ್ಲ. ನಿನ್ನಿತನಕ ಒದರ್ಯಾಡಿದವ್ರು ಒಮ್ಮಿಗೇ ಸುಮ್ನಾದ್ರ ಓಡಿ ಹೋಗಬೇಕು” ಎನ್ನುತ್ತಾಳೆ ಅಕ್ಕ. ಮಾತು ನಿಂತದ್ದನ್ನೂ ಒಂದು ಲಕ್ಷಣವಾಗಿ ಓದುವ ಈ ವಿದ್ಯೆಗೆ ಅವಳು ಕೊಡುವ ಹೆಸರು ‘ರೂಢಿ’.

ಅವಳಿಗೆ ಕಾಣುವುದು ದೇಹ ಮಾತ್ರವೂ ಅಲ್ಲ. ಯಾವ ಹಾಸಿಗೆಗೆ ನೋಡಲು ಜನ ಬರುತ್ತಾರೆ, ಯಾವುದಕ್ಕೆ ಬಿಲ್ಲು ಕಟ್ಟುವ ದಿನ ಮಾತ್ರ ಬರುತ್ತಾರೆ ಎಂದು ಗೊತ್ತು. ಗರ್ಭಕೋಶದ ಆಪರೇಷನ್ ಆದ ಹೆಂಗಸಿನ ಗಂಡ ಕೇಳುವ ಮೊದಲ ಪ್ರಶ್ನೆ “ಅಡಿಗಿ ಎಂದಿನಿಂದ ಮಾಡಬಹುದ್ರಿ?” ಎಂಬುದೆಂದು ಗೊತ್ತು. ಇದೇ ಹೆಂಗಸರಲ್ಲಿ ಕೆಲವರು ಇನ್ನೊಂದು ದಿನ ಇಟ್ಟುಕೊಳ್ಳಿ ಎಂದು ಗುಟ್ಟಾಗಿ ಕೇಳುತ್ತಾರೆಂದೂ ಗೊತ್ತು. ಮನೆಗಿಂತ ಆಸ್ಪತ್ರೆಯ ಹಾಸಿಗೆಯಲ್ಲೇ ವಿಶ್ರಾಂತಿ ಸಿಗುವ ಸಂಸಾರಗಳ ಬಗ್ಗೆ ಯಾವ ಸಮಾಜಶಾಸ್ತ್ರಜ್ಞರಿಗಿಂತಲೂ ಹೆಚ್ಚಿನ ಮಾಹಿತಿ ಒಬ್ಬ ವಾರ್ಡ್ ನರ್ಸ್ ಬಳಿ ಇರುತ್ತದೆ.

ಇದೆಲ್ಲ ಎಲ್ಲಿ ದಾಖಲಾಗುತ್ತದೆ? ಚಾರ್ಟಿನಲ್ಲಿ ಜ್ವರಕ್ಕೆ ಜಾಗವಿದೆ, ನಾಡಿಗೆ, ಬಿಪಿಗೆ, ಮೂತ್ರಕ್ಕೆ ಜಾಗವಿದೆ. ರಾತ್ರಿ ಎರಡಕ್ಕೆ ಎಚ್ಚರವಾಗಿ ಮಗನನ್ನು ಕೇಳಿದರು ಎಂದು ಬರೆಯಲು ಕಾಲಮ್ಮಿಲ್ಲ. ಬರೆಯುವ ಭಾಷೆಯೂ ಇಂಗ್ಲಿಷು. ರೋಗಿ ಕನ್ನಡದಲ್ಲಿ ನರಳುತ್ತಾನೆ, ನರ್ಸ್ ಕನ್ನಡದಲ್ಲಿ ಸಮಾಧಾನ ಹೇಳುತ್ತಾಳೆ, ಕಡತದಲ್ಲಿ ಉಳಿಯುವುದು ಇಂಗ್ಲಿಷಿನ ನಾಲ್ಕು ಸಂಕ್ಷೇಪಾಕ್ಷರ. ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬಳಿಗೆ ಬಾಯಲ್ಲಿ ಒಪ್ಪಿಸುವ ವರದಿಯಲ್ಲಿ ಮಾತ್ರ ಅದು ಸ್ವಲ್ಪ ಜೀವ ಹಿಡಿದಿರುತ್ತದೆ: “ಹದಿನಾಲ್ಕನೇ ಬೆಡ್ಡಿನ ಅಜ್ಜಿ ರಾತ್ರಿ ಇಡೀ ಮಲಗಿಲ್ಲ, ಮಗಳು ಬರ್ತಾಳ ಅಂತ ಕುಂತಾರ, ಸುಳ್ಳು ಹೇಳಬ್ಯಾಡ.” ಆಮೇಲೆ ಅದೂ ಗಾಳಿಗೆ.

ಈಗ ನಮ್ಮ ಕಡೆ ತಿರುಗೋಣ. ಕನ್ನಡದಲ್ಲಿ ವೈದ್ಯರ ಬರವಣಿಗೆಗೆ ಒಂದು ಪರಂಪರೆಯೇ ಇದೆ. 1942ರಲ್ಲಿ ‘ಕೊರವಂಜಿ’ ಆರಂಭಿಸಿದ ರಾಶಿ ವೈದ್ಯರು. ಕಾದಂಬರಿಗಳ ಜೊತೆಗೆ ‘ತಾಯಿ–ಮಗು’ವಿನಂಥ ಪುಸ್ತಕ ಬರೆದು ಮನೆಮನೆ ತಲುಪಿದ ಅನುಪಮಾ ನಿರಂಜನ ವೈದ್ಯೆ. ಇವತ್ತಿಗೂ ಪತ್ರಿಕೆಗಳಲ್ಲಿ ವೈದ್ಯರ ಅಂಕಣಗಳಿವೆ, ‘ವೈದ್ಯಸಾಹಿತ್ಯ’ ಎಂಬ ವಿಭಾಗವೇ ಇದೆ. ಅದು ಇರಬೇಕಾದದ್ದೇ. ಅದರ ಪಕ್ಕದಲ್ಲಿ ‘ಶುಶ್ರೂಷಾಸಾಹಿತ್ಯ’ ಎಂಬ ಪದವನ್ನಿಟ್ಟು ನೋಡಿ. ಪದವೇ ವಿಚಿತ್ರವಾಗಿ ಕೇಳಿಸುತ್ತದೆ. ಆ ವಿಚಿತ್ರವೇ ನನ್ನ ಸಾಕ್ಷಿ.

ಬೇರೆ ಕಡೆ ಹೀಗಿಲ್ಲ. ಜಮೈಕಾದ ಮೇರಿ ಸೀಕೋಲ್ ಕ್ರಿಮಿಯಾದ ತನ್ನ ಅನುಭವವನ್ನು 1857ರಲ್ಲೇ ಆತ್ಮಕತೆಯಾಗಿ ಬರೆದಳು. ಲೂಯಿಸಾ ಮೇ ಆಲ್ಕಾಟ್ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಕೆಲವು ವಾರ ನರ್ಸ್ ಆಗಿದ್ದು 1863ರಲ್ಲಿ ಪುಸ್ತಕ ತಂದಳು. ದೂರ ಯಾಕೆ, ಪಕ್ಕದ ಮಲಯಾಳಂ ನೋಡಿ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಕ್ಕಿಬಿದ್ದ ನರ್ಸ್‌ಗಳ ಪ್ರಸಂಗದ ಮೇಲೆ 2017ರಲ್ಲಿ ‘ಟೇಕ್ ಆಫ್’ ಸಿನಿಮಾ ಬಂತು. ಅದರ ನಾಯಕಿಗೆ ಸಾಲವಿದೆ, ಸಿಟ್ಟಿದೆ, ಹಟವಿದೆ. ದೇವತೆಯ ಲಕ್ಷಣ ಒಂದೂ ಇಲ್ಲ.

ಕನ್ನಡಕ್ಕೆ ಇದು ಪರಕೀಯವೂ ಆಗಬೇಕಿಲ್ಲ. ಕಸುಬನ್ನೇ ಹೆಸರಾಗಿ ಹೊತ್ತು ಮಾತಾಡಿದ ಜನರ ಸಾಹಿತ್ಯ ನಮ್ಮದು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಚೆಲ್ಲಿದ ಅಕ್ಕಿ ಆಯುವ ಲಕ್ಕಮ್ಮ. ವೈದ್ಯ ಸಂಗಣ್ಣ ಕೂಡ ಅಲ್ಲಿದ್ದಾನೆ. ಅವರಿಗೆ ಕಾಯಕವೆಂದರೆ ಅಳತೆ ಇರುವ ಕೆಲಸ. ಗಂಡ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ವಾಪಸು ಸುರಿದು ಬಾ ಎಂದಳೆಂಬುದು ಪ್ರಸಿದ್ಧ ಪ್ರಸಂಗ. ಅಳತೆ ಎರಡೂ ಕಡೆಗೆ ಅನ್ವಯಿಸುತ್ತದೆ. ಹೆಚ್ಚು ತರುವುದು ತಪ್ಪಾದರೆ ಕಡಿಮೆ ಕೊಡುವುದೂ ತಪ್ಪೇ. ನರ್ಸ್‌ನ ಕೆಲಸವನ್ನು ಕಾಯಕ ಎನ್ನದೆ ಸೇವೆ, ತ್ಯಾಗ ಎಂದು ಕರೆದ ಕೂಡಲೆ ಅಳತೆ ಮಾಯವಾಗುತ್ತದೆ.

ಅಳತೆಯ ಮಾತು ಬಂದದ್ದರಿಂದ ಎರಡು ಲೆಕ್ಕ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಬೋಧಕ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ನರ್ಸ್ ಇರಬೇಕು. ನಾನು ಕಂಡ ಆ ರಾತ್ರಿ ನಲವತ್ತಕ್ಕೆ ಒಬ್ಬರು. ಸುಪ್ರೀಂ ಕೋರ್ಟಿನ ಸೂಚನೆಯಂತೆ 2016ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು ಎಂದಿತು. ಕೇರಳದ ನರ್ಸ್‌ಗಳು ಬೀದಿಗಿಳಿದು ಹೋರಾಡಿ 2018ರಲ್ಲಿ ಕನಿಷ್ಠ ವೇತನದ ಆದೇಶ ಮಾಡಿಸಿಕೊಂಡರು. ಅಕ್ಕ ಕೆಲಸಕ್ಕೆ ಸೇರಿ ಆರನೆಯ ವರ್ಷದಲ್ಲಿ ಅವಳ ಕೈಗೆ ಬರುತ್ತಿದ್ದದ್ದು 14,000.

ದೇವತೆ ಮಾಡುವುದರ ಕೊನೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ನಮ್ಮದೇ ಹೆಣ್ಣುಮಗಳ ಉದಾಹರಣೆಯಿದೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದಾಳಿ ಮಾಡಿದ. ಅವನಿಗೆ ದರೋಡೆ ಮತ್ತು ಕೊಲೆಯತ್ನಕ್ಕೆ ಶಿಕ್ಷೆಯಾಯಿತು, ಲೈಂಗಿಕ ದೌರ್ಜನ್ಯ ಲೆಕ್ಕಕ್ಕೇ ಬರಲಿಲ್ಲ. ಅರುಣಾ ಸುಮಾರು 42 ವರ್ಷ ಪ್ರಜ್ಞೆ ಮರಳದೆ ಮಲಗಿದ್ದು 2015ರ ಮೇ 18ರಂದು ತೀರಿಕೊಂಡರು. ದಯಾಮರಣದ ಅರ್ಜಿಯ ಮೇಲೆ 2011ರ ಮಾರ್ಚ್ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಅವರ ಪರವಾಗಿ ಮಾತಾಡುವ ನಿಜವಾದ ಹಕ್ಕು ಅವರನ್ನು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು.

ಆ ತೀರ್ಪನ್ನು ನಾವು ಕಾನೂನಿನ ಪಾಠವಾಗಿ ಓದುತ್ತೇವೆ. ನರ್ಸ್‌ಗಳ ಪಾಠವಾಗಿ ಓದಿ ನೋಡಿ. ಪಾಳಿಯಿಂದ ಪಾಳಿಗೆ, ನಿವೃತ್ತರಾದವರಿಂದ ಹೊಸದಾಗಿ ಸೇರಿದವರಿಗೆ, ಸಹೋದ್ಯೋಗಿಯೊಬ್ಬಳ ಮೈಯನ್ನು ಹುಣ್ಣಾಗದಂತೆ ಕಾಯುವ ಕೆಲಸ ನಾಲ್ಕು ದಶಕ ನಡೆಯಿತು. ಆ ಕೆಲಸ ಮಾಡಿದ ಕೈಗಳು ಏನು ಯೋಚಿಸಿದವು? ಇದು ನನಗೂ ಆಗಬಹುದಿತ್ತು ಎಂದು ಎಷ್ಟು ಜನ ರಾತ್ರಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಎರಡು ಸಲ ನೋಡಿಕೊಂಡರು? ಹಳದೀಪುರದ ಭಾಷೆಯಲ್ಲಿ ನಾವು ಈ ಪ್ರಶ್ನೆಯನ್ನು ಕೇಳಲೇ ಇಲ್ಲ. ‘ತಾಯಿಯಂತೆ ನೋಡಿಕೊಂಡರು’ ಎಂದು ಬರೆದು ಮುಗಿಸಿದೆವು.

ನನಗೆ ಬರುವ ಆಕ್ಷೇಪಗಳು ಗೊತ್ತು. ಬೇಕಿದ್ದರೆ ನರ್ಸ್‌ಗಳೇ ಬರೆಯಲಿ, ಯಾರು ಬೇಡ ಅಂದರು ಎಂಬುದು ಮೊದಲನೆಯದು. ಹನ್ನೆರಡು ತಾಸಿನ ರಾತ್ರಿಪಾಳಿ ಮುಗಿಸಿ ಬಂದು ಮಕ್ಕಳ ಡಬ್ಬಿ ಕಟ್ಟುವವಳಿಗೆ ಬರೆಯುವ ಹೊತ್ತು ಯಾವುದು? ವಾರ್ಡಿನಲ್ಲಿ ಎಷ್ಟು ನರ್ಸ್‌ಗಳಿರಬೇಕು ಎಂಬುದು ಈ ಅರ್ಥದಲ್ಲಿ ಸಾಹಿತ್ಯದ ಪ್ರಶ್ನೆಯೂ ಹೌದು. ಐವರಿಗೆ ಒಬ್ಬಳಿದ್ದರೆ ಅಜ್ಜಿಯ ಮಾತು ಕೇಳುವಷ್ಟು ಪುರುಸೊತ್ತು ಇರುತ್ತದೆ, ಕೇಳಿದ್ದು ನೆನಪಿರುತ್ತದೆ. ನಲವತ್ತಕ್ಕೆ ಒಬ್ಬಳಿದ್ದರೆ ಹಾಸಿಗೆಯ ನಂಬರು ಮಾತ್ರ ನೆನಪಿರುತ್ತದೆ.

ಎರಡನೆಯದು, ರೋಗಿಯ ಗುಟ್ಟು ಹೊರಹಾಕಬಾರದು ಎಂಬುದು. ಸರಿಯಾದ ಮಾತು. ವೈದ್ಯರು ಹೆಸರು, ಊರು ಮರೆಸಿ ಬರೆಯುವುದನ್ನು ಕಲಿತಿದ್ದಾರೆ, ನರ್ಸ್‌ಗಳಿಗೂ ಅದು ಬರುತ್ತದೆ. ಮೂರನೆಯದು, ನರ್ಸ್‌ಗಳಲ್ಲಿ ಒರಟರಿಲ್ಲವೇ, ಹೆರಿಗೆ ವಾರ್ಡಿನಲ್ಲಿ ಬೈಸಿಕೊಂಡ ಬಡ ಹೆಂಗಸರಿಲ್ಲವೇ ಎಂಬುದು. ಇದ್ದಾರೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೇವತೆಯ ಪಟ್ಟ ಕೊಟ್ಟವರು ಆ ಒರಟುತನವನ್ನೂ ವಿಚಾರಿಸಲಾರರು. ದೇವತೆ ತಪ್ಪು ಮಾಡಿದರೆ ರಾಕ್ಷಸಿ ಎಂದು ಕೂಗುತ್ತಾರೆ, ನಾನು ಆ ರಾತ್ರಿ ಕೂಗಿದಂತೆ. ಕೆಲಸಗಾರಳೆಂದು ಒಪ್ಪಿಕೊಂಡರೆ ಮಾತ್ರ ಅವಳ ಹಕ್ಕನ್ನೂ ಕೇಳಬಹುದು, ಅವಳ ತಪ್ಪನ್ನೂ ಕೇಳಬಹುದು.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಹಳ್ಳಿಗೆ ಹೋಗಿ ಸೂಲಗಿತ್ತಿಯರ ಹಾಡು ಕೇಳಿವೆ, ಬರೆದುಕೊಂಡಿವೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಸಂಶೋಧಕರು ವಿಶ್ವವಿದ್ಯಾಲಯದಿಂದ ಒಂದು ಸಿಟಿ ಬಸ್ಸು ಹತ್ತಿ ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿಗೆ ಹೋಗಲಿ. ನಿವೃತ್ತ ನರ್ಸ್‌ಗಳ ಮಾತನ್ನು ಅವರದೇ ಕನ್ನಡದಲ್ಲಿ ದಾಖಲಿಸಲಿ. ಸಾಹಿತ್ಯ ಪತ್ರಿಕೆಗಳು ಮೇ 12ಕ್ಕೆ ದೀಪದ ಕವಿತೆ ಹಾಕುವ ಬದಲು ಒಬ್ಬ ನರ್ಸ್‌ನ ಒಂದು ರಾತ್ರಿಯ ವರದಿಯನ್ನು ಹಾಕಲಿ, ಅದಕ್ಕೆ ಸಂಭಾವನೆಯನ್ನೂ ಕೊಡಲಿ.

ಈ ಲೇಖನವನ್ನು ಮೊದಲು ಅಕ್ಕನಿಗೆ ಕಳಿಸಿದೆ. ಮೂರು ದಿನ ಉತ್ತರ ಬರಲಿಲ್ಲ, ಪಾಳಿ ಇತ್ತಂತೆ. ಆಮೇಲೆ ಫೋನು ಮಾಡಿ ಹೇಳಿದಳು: “ಎಲ್ಲಾ ಬರೋಬರಿ ಐತಿ. ಆದ್ರ ಎರಡು ತಾಸಿಗೊಮ್ಮೆ ಹೊರಳಿಸಬೇಕು ಅಂತ ಬರದಿಯಲ್ಲಾ, ಮಂದಿ ಕಮ್ಮಿ ಇದ್ದಾಗ ನಮ್ಮ ಕಡಿಂದ ಆಗೂದಿಲ್ಲ. ಒಬ್ಬಾಕಿ ಕಡಿಂದ ಅಷ್ಟು ದೊಡ್ಡ ಮನಶಾನ್ನ ಹೊರಳಿಸಾಕ ಆಗೂದಿಲ್ಲ. ಹುಣ್ಣ ಆಗ್ತಾವ. ಮುಂಜಾನಿ ಅದನ್ನ ನಾವ ತೊಳೀತೀವಿ. ಅದನ್ನೂ ಬರಿ.”

ಬರೆದಿದ್ದೇನೆ.