ಸೋರಿಹೋಗುವ ಶಾಖ

ತುಳಸಿಗೇರಿ ಎಂದೊಡನೆ ಬಾಗಲಕೋಟೆಯ ಸುತ್ತಣ ಜನರಿಗೆ ಮೊದಲು ನೆನಪಾಗುವುದು ಅಲ್ಲಿಯ ಹನುಮಂತನ ಗುಡಿ. ಬಾಲಕ್ಕೆ ಹಚ್ಚಿದ ಬೆಂಕಿಯಿಂದ ಲಂಕೆಯನ್ನು ಸುಟ್ಟು, ತಾನು ಮಾತ್ರ ಸುಡದೆ ಮರಳಿದವನು ಹನುಮಂತ. ಆದರೆ ಅವನ ಊರಿನಲ್ಲಿ ನಿತ್ಯವೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಂದಿರಿಗೆ ಅಂಥ ವರವೇನೂ ದೊರೆತಿಲ್ಲ. ಒಮ್ಮೆ ಆ ಊರಿನ ಮನೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದ ಮನೆಯೊಡತಿಯನ್ನು ಕಂಡು, “ಝಳ ಭಾಳ ಐತಲ್ರಿ, ಅವ್ವಾ” ಎಂದೆ. ಅವರು ನಕ್ಕು, “ಹೌದ್ರೀ, ಈ ಬೆಂಕಿ ರೊಟ್ಟಿಗಿಂತ ನನಗ ಹೆಚ್ಚು ಬಡೀತೈತ್ರಿ” ಎಂದರು.

ಅವರು ನಗುತ್ತ ಆಡಿದ ಮಾತಿನಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ಮೂರು ಕಲ್ಲುಗಳನ್ನಿಟ್ಟು ಹೂಡಿದ ಒಲೆಯಲ್ಲಿ ಉರಿಯುವ ಕಟ್ಟಿಗೆಯ ಶಾಖದಲ್ಲಿ ಅಡಿಗೆಗೆ ಸಲ್ಲುವುದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಉಳಿದ ಒಂಬತ್ತು ಪಾಲು ಎಲ್ಲಿಗೆ ಹೋಯಿತು? ತಳ ಒಡೆದ ಕೊಡದಲ್ಲಿ ನೀರು ತರುವವರನ್ನು ಕಂಡರೆ ನಾವು ನಗುತ್ತೇವೆ. ಆದರೆ ಹತ್ತು ಹೊರೆ ಕಟ್ಟಿಗೆ ತಂದು ಒಂಬತ್ತನ್ನು ಗಾಳಿಗೆ ಒಪ್ಪಿಸುವ ನಮ್ಮ ಒಲೆಯನ್ನು ಕಂಡು ಯಾರೂ ನಗುವುದಿಲ್ಲ. ನೀರು ಸೋರುವುದು ಕಣ್ಣಿಗೆ ಕಾಣುತ್ತದೆ. ಶಾಖ ಸೋರುವುದು ಕಾಣುವುದಿಲ್ಲ. ಇದಿಷ್ಟೇ ಕಾರಣ.

ಶಾಖಕ್ಕೂ ನೀರಿನಂತೆ ಒಂದು ನಡೆಯುಂಟು. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಶಾಖವು ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದ ವಸ್ತುವಿನೆಡೆಗೆ ಹರಿಯುತ್ತದೆ. ಹೀಗೆ ಹರಿಯಲು ಅದಕ್ಕೆ ಮೂರು ದಾರಿಗಳಿವೆ. ಕುದಿಯುವ ಸಾರಿನಲ್ಲಿ ಬಿಟ್ಟ ಲೋಹದ ಸೌಟಿನ ಹಿಡಿಯು ಕೆಲವೇ ನಿಮಿಷಗಳಲ್ಲಿ ಕೈ ಸುಡುತ್ತದೆ. ಕಟ್ಟಿಗೆಯ ಸೌಟು ಸುಡುವುದಿಲ್ಲ. ವಸ್ತುವಿನ ಒಂದು ಕಣದಿಂದ ನೆರೆಯ ಕಣಕ್ಕೆ ಶಾಖ ದಾಟಿ ಸಾಗುವ ಈ ಬಗೆಗೆ ವಹನವೆಂದು ಹೆಸರು. ಒಲೆಯ ಕಲ್ಲುಗಳೂ ಕೆಳಗಿನ ನೆಲವೂ ಕಾಯುವುದು ವಹನದಿಂದ. ಎರಡನೆಯದು ಸಂವಹನ. ಕಾದ ಗಾಳಿಯು ಹಗುರವಾಗಿ ಮೇಲೇರುತ್ತದೆ. ಆ ಸ್ಥಳಕ್ಕೆ ತಣ್ಣನೆಯ ಗಾಳಿ ನುಗ್ಗುತ್ತದೆ. ಪಾತ್ರೆಯ ಪಕ್ಕದಿಂದ ನುಸುಳಿ ಬೆಳಕಿಂಡಿಯ ದಾರಿ ಹಿಡಿಯುವ ಹೊಗೆಯು ತನ್ನೊಡನೆ ಶಾಖವನ್ನೂ ಹೊತ್ತೊಯ್ಯುತ್ತದೆ. ಮೂರನೆಯದು ವಿಕಿರಣ. ಇದಕ್ಕೆ ನಡುವೆ ಯಾವ ವಸ್ತುವಿನ ಆಸರೆಯೂ ಬೇಡ. ಸುಮಾರು 15 ಕೋಟಿ ಕಿಲೋಮೀಟರ್ ದೂರದ ಸೂರ್ಯನ ಶಾಖ ನಮ್ಮನ್ನು ಮುಟ್ಟುವುದೂ, ಒಲೆಯ ಕೆಂಡದ ಝಳ ಆ ತಾಯಿಯ ಮುಖಕ್ಕೆ ಬಡಿಯುವುದೂ ಈ ದಾರಿಯಿಂದಲೇ.

ಶಾಖದ ದಾರಿಗಳನ್ನು ಅರಿತವನು ಅವುಗಳಿಗೆ ತಡೆ ಒಡ್ಡಬಲ್ಲನು. 1892ರಲ್ಲಿ ಜೇಮ್ಸ್ ಡೀವರ್ ಎಂಬ ವಿಜ್ಞಾನಿ ಎರಡು ಗೋಡೆಗಳ ಗಾಜಿನ ಪಾತ್ರೆಯನ್ನು ಮಾಡಿ, ಗೋಡೆಗಳ ನಡುವಣ ಗಾಳಿಯನ್ನು ಹೊರತೆಗೆದನು. ಅಲ್ಲಿ ಗಾಳಿಯಿಲ್ಲದ ಕಾರಣ ವಹನಕ್ಕೂ ಸಂವಹನಕ್ಕೂ ಎಡೆ ತಪ್ಪಿತು. ಗಾಜಿಗೆ ಬಳಿದ ಬೆಳ್ಳಿಯ ಹೊಳಪು ವಿಕಿರಣವನ್ನು ಹಿಂದಕ್ಕೆ ತಿರುಗಿಸಿತು. ಇಂದು ನಾವು ಚಹಾ ತುಂಬಿಡುವ ಥರ್ಮಾಸು ಹುಟ್ಟಿದ್ದು ಹೀಗೆ. ಆದರೆ ಈ ತಿಳಿವು ನಮ್ಮ ಹಿರಿಯರಿಗೆ ತೀರ ಹೊಸದೇನೂ ಆಗಿರಲಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿಯೆಳೆದು ಮಲಗಿದರೆ ಬೆಳಗಿಗೆ ಕೆದಕಿದೊಡನೆ ಬೆಂಕಿ ಸಿಗುತ್ತಿತ್ತು. ಬೂದಿಯು ಕೆಂಡಕ್ಕೆ ಗಾಳಿ ಸೋಕದಂತೆ ಮಾಡಿ ಉರಿಯನ್ನು ತಗ್ಗಿಸುತ್ತದೆ. ಶಾಖವನ್ನೂ ಹೊರಗೆ ಬಿಡುವುದಿಲ್ಲ. ‘ಬೂದಿ ಮುಚ್ಚಿದ ಕೆಂಡ’ ಎಂಬ ನುಡಿ ಹುಟ್ಟಿದ್ದು ಇಂಥ ಅನುಭವದಿಂದಲೇ. ಕುರಿಗಾರನ ಕಂಬಳಿಯೂ ಹಾಗೆಯೇ. ಕಂಬಳಿ ತಾನಾಗಿ ಬಿಸಿಯನ್ನು ಕೊಡುವುದಿಲ್ಲ. ಉಣ್ಣೆಯ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು, ಮೈಯ ಬಿಸಿ ಹೊರಗೆ ಹೋಗದಂತೆ ಕಾಯುತ್ತದೆ.

ಹೀಗಿರುವಾಗ ನಿತ್ಯ ಉರಿಯುವ ಒಲೆಯನ್ನು ಮಾತ್ರ ನಾವೇಕೆ ಹಾಗೆಯೇ ಬಿಟ್ಟೆವು? ಒಲೆ ಹೆಂಗಸರ ಪಾಲಿನದು, ಅದರಲ್ಲಿ ಪಂಡಿತರಿಗೇನು ಕೆಲಸ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ತೋಪಿನ ಕೊಳವೆಯನ್ನು ಕೊರೆಯುವಾಗ ಹುಟ್ಟುವ ಬಿಸಿಯನ್ನು ಪರಿಶೀಲಿಸಿ, ಶಾಖವು ಒಂದು ದ್ರವ್ಯವಲ್ಲ, ಚಲನೆಯ ಒಂದು ರೂಪವೆಂದು 1798ರಲ್ಲಿ ವಾದಿಸಿದ ರಂಫರ್ಡ್ ಎಂಬ ವಿಜ್ಞಾನಿಯು ಅಡಿಗೆಯ ಒಲೆಯನ್ನು ಸುಧಾರಿಸುವುದು ತನ್ನ ಘನತೆಗೆ ಕುಂದೆಂದು ಎಣಿಸಲಿಲ್ಲ. ನಮ್ಮ ನಾಡಿನಲ್ಲಿಯೂ ಅಂಥ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗಳ ಬದುಕಿಗೆ ವಿಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆಯಲ್ಲಿ ಉರಿಯ ಸುತ್ತ ಗೋಡೆಯಿದೆ. ಕಟ್ಟಿಗೆಯ ಕೆಳಗೆ ಗಾಳಿಯಾಡುವ ಜಾಲರಿಯಿದೆ. ಒಂದು ಪಾತ್ರೆಯನ್ನು ದಾಟಿದ ಶಾಖವು ಮುಂದಿನ ಪಾತ್ರೆಗಳನ್ನು ಮುಟ್ಟಿದ ಮೇಲೆಯೇ ಹೊಗೆಕೊಳವೆಯ ದಾರಿ ಹಿಡಿಯುತ್ತದೆ. ಪರೀಕ್ಷೆಗಳಲ್ಲಿ ಈ ಒಲೆಯು ಕಟ್ಟಿಗೆಯ ಶಾಖದ ಸುಮಾರು ಮೂರರಲ್ಲಿ ಒಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಅಡಿಗೆಗೆ ಒದಗಿಸಿತು.

ಆದರೂ ಇಂಥ ಒಲೆಗಳು ಎಲ್ಲ ಮನೆಗಳಲ್ಲಿ ನಿಲ್ಲಲಿಲ್ಲ. 1980ರ ದಶಕದಲ್ಲಿ ಮೊದಲಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 2002ರಲ್ಲಿ ಕೊನೆಗೊಂಡಿತು. ಅನೇಕ ಕಡೆಗಳಲ್ಲಿ ಒಲೆಗಳು ಬಿರುಕು ಬಿಟ್ಟವು, ಕೊಳವೆಗಳು ಮಸಿಗಟ್ಟಿದವು, ಸರಿಪಡಿಸುವವರಿರಲಿಲ್ಲ. ಪಾತ್ರೆಯ ಅಳತೆಗೆ ಒಲೆಯ ಬಾಯಿ ಹೊಂದದಿದ್ದರೆ ಸಂದಿನಿಂದ ಶಾಖ ನುಸುಳದೆ ಬಿಟ್ಟೀತೆ? ಒಲೆಯನ್ನು ಕೊಟ್ಟರೆ ಸಾಲದು, ಅದರ ಹಿಂದಿನ ತಿಳಿವನ್ನೂ ಕೊಡಬೇಕು.

ಈಗ ಮನೆಮನೆಗೆ ಅಡಿಗೆ ಅನಿಲ ಬಂದಿದೆ. 2016ರಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ತಲುಪಿದೆ. ಇನ್ನು ಈ ಮಾತೇಕೆ ಎಂದು ಕೇಳುವವರುಂಟು. ಹೊಗೆಯಿಂದ ತಾಯಂದಿರ ಕಣ್ಣು, ಎದೆ ಪಾರಾದುದು ಸಣ್ಣ ಲಾಭವಲ್ಲ. ಆದರೆ ಇಂಧನ ಬದಲಾದ ಮಾತ್ರಕ್ಕೆ ಶಾಖದ ನಡೆ ಬದಲಾಗುವುದಿಲ್ಲ. ಒಂದು ಲೆಕ್ಕವನ್ನು ನೋಡಿರಿ. ಒಂದು ಕಿಲೋಗ್ರಾಂ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಯವರೆಗೆ ಕಾಯಿಸಲು 80 ಕಿಲೋಕ್ಯಾಲರಿ ಶಾಖ ಸಾಕು. ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 540 ಕಿಲೋಕ್ಯಾಲರಿ ಬೇಕು. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ನೀರಿನ ಬಿಸಿ ಏರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ. ಆವಿ ಮಾತ್ರ ಹೆಚ್ಚುತ್ತದೆ. ಮುಚ್ಚಳವಿಲ್ಲದೆ ಕುದಿಸುವವರು ಆವಿಯೊಡನೆ ತಮ್ಮ ಹಣವನ್ನೂ ಹಾರಿಬಿಡುತ್ತಾರೆ. ಆದುದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಬೇಕು. ಪಾತ್ರೆಯ ಬಾಯಿಯನ್ನು ಮುಚ್ಚಬೇಕು. ಕಾಳನ್ನು ಮೊದಲೇ ನೆನೆಹಾಕಬೇಕು. ಒತ್ತಡದ ಕುಕ್ಕರಿನಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುವುದರಿಂದ ಬೇಯುವ ಹೊತ್ತೂ ಕಡಿಮೆಯಾಗುತ್ತದೆ. ಅರೆಬೆಂದ ಅನ್ನದ ಪಾತ್ರೆಯನ್ನು ಕೆಳಗಿಳಿಸಿ ಬಿಗಿಯಾಗಿ ಮುಚ್ಚಿ, ಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಕಂಬಳಿ ಹೊದಿಸಿದರೆ ಉಳಿದ ಬೇಯುವಿಕೆ ತನ್ನ ಬಿಸಿಯಿಂದಲೇ ನಡೆಯುತ್ತದೆ.

ಒಲೆಯ ಶಾಖ ಹೊರಹೋಗದಂತೆ ತಡೆಯುವ ತಿಳಿವೇ ಬಿಸಿಲಿನ ಶಾಖ ಮನೆಯೊಳಗೆ ಬಾರದಂತೆಯೂ ತಡೆಯಬಲ್ಲದು. ಬಾದಾಮಿ, ಹುನಗುಂದಗಳ ಸೀಮೆಯಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ನಡುಹಗಲಿನ ಶಾಖವು ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ತಗಡಿನ ಸೂರು ಬಿಸಿಲು ಬಿದ್ದೊಡನೆ ಕಾದು ಕೆಳಗಿದ್ದವರ ಮೇಲೆ ಝಳ ಸುರಿಸುತ್ತದೆ. ಸಿಮೆಂಟಿನ ಛಾವಣಿಯು ಹಗಲು ಕುಡಿದ ಬಿಸಿಯನ್ನು ಇರುಳೆಲ್ಲ ಉಗುಳುತ್ತದೆ. ಹಾಗೆಂದು ಮಳೆಗೆ ಸೋರುವ, ಮೇಲಿಂದ ಮೇಲೆ ಮಣ್ಣು ಬೇಡುವ ಮಾಳಿಗೆಗೆ ಎಲ್ಲರೂ ಮರಳಬೇಕೆಂದು ನಾನು ಹೇಳುವುದಿಲ್ಲ. ಹೊಸ ಮನೆ ಕಟ್ಟುವವರು ಹಳೆಯ ಮನೆಯ ಗುಣವನ್ನು ಕೇಳಿ ತಿಳಿಯಲಿ. ಛಾವಣಿಗೆ ಸುಣ್ಣ ಬಳಿದು ಬಿಸಿಲನ್ನು ಹಿಂದಿರುಗಿಸಲಿ. ಪಡುವಣ ಗೋಡೆಗೆ ಬೇವಿನ ಮರದ ನೆರಳನ್ನು ಕೊಡಲಿ ಎಂಬುದಷ್ಟೇ ನನ್ನ ವಿನಂತಿ.

ಶಾಖ ಸೋರಿದರೆ ನಷ್ಟ ಯಾರಿಗೆ? ಹೊಲಕ್ಕೆ ಗೊಬ್ಬರವಾಗಬೇಕಾದ ಸಗಣಿಯು ಕುಳ್ಳಾಗಿ ಉರಿದು ಗಾಳಿಗೆ ಹೋದರೆ ಅದು ಹೊಲದ ನಷ್ಟ. ಗಿಡ ಕಡಿದರೆ ಅದು ಊರಿನ ನಷ್ಟ. ಕಟ್ಟಿಗೆಯ ಹೊರೆ ಹೊರುವ ಬೆನ್ನಿಗೂ ಒಲೆಯ ಮುಂದೆ ಬೇಯುವ ಮುಖಕ್ಕೂ ಆಗುವ ನಷ್ಟವನ್ನು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಹಿತ್ತಲಿನ ಹಂಡೆಯ ಕೆಳಗೆ ಇಂದಿಗೂ ಕಟ್ಟಿಗೆ ಉರಿಯುವ ಮನೆಗಳು ಎಷ್ಟಿಲ್ಲ! ಶಾಲೆಯಲ್ಲಿ ವಹನ, ಸಂವಹನ, ವಿಕಿರಣಗಳೆಂದು ಬಾಯಿಪಾಠ ಮಾಡಿದ ಹುಡುಗನು ಮನೆಗೆ ಹೋಗಿ ಆ ಹಂಡೆಗೊಂದು ಮುಚ್ಚಳವನ್ನು ಹೊಂದಿಸಿದರೆ, ಒಲೆಯ ಸಂದಿಗೆ ಮಣ್ಣು ಮೆತ್ತಿದರೆ, ಅವನ ಪಾಠ ಅಂದು ಪೂರ್ತಿಯಾಯಿತು. ಬೆಂಕಿಯು ರೊಟ್ಟಿಗೆ ಹೆಚ್ಚು, ತಾಯಿಗೆ ಕಡಿಮೆ ಬಡಿಯುವಂತೆ ಮಾಡುವುದು ಕಲಿತವರೆಲ್ಲರ ಹೊಣೆ.