ಟ್ಯಾಂಕು ನಮ್ಮ ಕೇರಿಯಲ್ಲಿ ನಿಲ್ಲಲಿ

ನೀರಿಗೆ ಜಾತಿ ಇಲ್ಲ ಅಂತ ಭಾಷಣ ಬಿಗಿಯುವ ಮಹನೀಯರೇ, ಒಪ್ಪಿಕೊಂಡೆವು. ಮೋಡಕ್ಕಿಲ್ಲ, ಮಳೆಗಿಲ್ಲ, ಹೊಳೆಗೂ ಇಲ್ಲ. ಆದರೆ ಬಾವಿಯ ಕಟ್ಟೆಗಿದೆ, ಸೇದುವ ಹಗ್ಗಕ್ಕಿದೆ, ಕೊಡಕ್ಕಿದೆ. ಪೈಪಿಗೂ ಇದೆ ಸ್ವಾಮಿ. ಟ್ಯಾಂಕು ಯಾರ ಬೀದಿಯಲ್ಲಿ ನಿಂತಿದೆ, ವಾಲ್ವ್ ಯಾರ ಮನೆ ಮುಂದಿದೆ, ಕೊನೇ ನಲ್ಲಿ ಯಾರದು? ಈ ಮೂರು ಪ್ರಶ್ನೆ ಕೇಳಿ. ಆ ಊರಿನಲ್ಲಿ ಯಾರು ಒಡೇರು, ಯಾರು ಆಳು ಅಂತ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಬಿಕ್ಕೋಡು ಬೇಲೂರು ತಾಲ್ಲೂಕಿನ ಹೋಬಳಿ ಊರು. ಸುತ್ತ ಕಾಫಿ ತೋಟ, ಮೆಣಸಿನ ಬಳ್ಳಿ, ಆನೆ ಕಾಟ. 'ಮಲೆನಾಡಿನ ಸೆರಗಲ್ಲಿದ್ದೀರಿ, ನಿಮಗೆಂಥದ್ರಯ್ಯ ನೀರಿನ ಬರ?' ಅಂತ ಬಯಲುಸೀಮೆ ಗೆಳೆಯರು ಕೇಳ್ತಾರೆ. ಅರಸೀಕೆರೆ ಕಡೆಯವರು ಹಾಗೆ ಕೇಳಿದರೆ ತಪ್ಪಿಲ್ಲ. ಅಲ್ಲಿ ಕೊರೆದ ಬೋರ್‌ವೆಲ್ಲುಗಳಲ್ಲಿ ನೀರಿನ ಜೊತೆ ಫ್ಲೋರೈಡೂ ಬರುತ್ತೆ. ಆದರೆ ಮಳೆ ಬೀಳೋದು ಬೇರೆ, ನೀರು ಸಿಗೋದು ಬೇರೆ. ಫೆಬ್ರವರಿ, ಮಾರ್ಚಿಗೆ ಹಳ್ಳ ಬತ್ತುವ ಹೊತ್ತಿಗೇ ಕಾಫಿ ಹೂವಿಗೆ ನೀರು ಬೇಕು. ಹೂಮಳೆ ಬರದಿದ್ದರೆ ತೋಟದವರು ಮೋಟರು ಇಟ್ಟು, ಸ್ಪ್ರಿಂಕ್ಲರ್ ಹಾರಿಸಿ, ಗಿಡಕ್ಕೆ ತಾವೇ ಮಳೆ ಸುರಿಸುತ್ತಾರೆ. ಆ ಸ್ಪ್ರಿಂಕ್ಲರ್ ಪೈಪು ಹೊತ್ತು ಜಾಗದಿಂದ ಜಾಗಕ್ಕೆ ಇಡುವ ಆಳು ಸಂಜೆ ಮನೆಗೆ ಬಂದು ಖಾಲಿ ಕೊಡ ನೋಡ್ತಾನೆ. ಇದಕ್ಕೆ ಬರ ಅಂತ ಹೆಸರಿಡಬೇಡಿ. ಬರ ಬಂದರೆ ಊರಿಗೆಲ್ಲ ಬರಬೇಕು.

2019ರ ಆಗಸ್ಟ್ 15ಕ್ಕೆ ಕೆಂಪುಕೋಟೆಯ ಮೇಲಿಂದ ಜಲಜೀವನ್ ಮಿಷನ್ ಘೋಷಣೆಯಾಯಿತು. 2024ರೊಳಗೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ ಅಂದರು. ಗಡುವು ಮುಗೀತು. 2025ರ ಬಜೆಟ್ಟಿನಲ್ಲಿ ಅದನ್ನ 2028ಕ್ಕೆ ದೂಡಿದರು. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆಮನೆಗೆ ಗಂಗೆ' ಅಂತ ಹೆಸರು. ಹೆಸರೇನೋ ಚಂದ. ಆದರೆ ಪುರಾಣ ಓದಿದವರಿಗೆ ಗೊತ್ತಿರಬೇಕು, ಗಂಗೆ ಹರಿದು ಬರುವ ದಾರಿಯಲ್ಲಿ ಜಹ್ನು ಅನ್ನೋ ಋಷಿ ಅವಳನ್ನ ಪೂರಾ ಕುಡಿದುಬಿಟ್ಟಿದ್ದ. ನಮ್ಮೂರುಗಳಲ್ಲಿ ಜಹ್ನುಗಳಿಗೇನು ಕಮ್ಮಿ? ಲೈನಿಗೇ ಮೋಟರು ಕಟ್ಟಿ ಎಳೀತಾರೆ.

ಯೋಜನೆಯ ಕಾಗದ ಏನು ಹೇಳುತ್ತೆ ಅಂತ ತಿಳಿದುಕೊಳ್ಳೋಣ. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ 100ಕ್ಕೆ 10 ಪಾಲು ಊರವರ ವಂತಿಕೆ. ಗುಡ್ಡಗಾಡಿನ, ಕಾಡಿನ ಊರುಗಳಲ್ಲಿ, ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಲ್ಲಿ 5 ಪಾಲು. ಎಲ್ಲವನ್ನೂ ನೋಡಿಕೊಳ್ಳಲು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಅದರಲ್ಲಿ 10ರಿಂದ 15 ಜನ. ಅರ್ಧದಷ್ಟು ಹೆಂಗಸರು, ಕಾಲುಭಾಗ ಪಂಚಾಯ್ತಿ ಮೆಂಬರುಗಳು, ಉಳಿದ ಕಾಲುಭಾಗ ಪರಿಶಿಷ್ಟರೇ ಮೊದಲಾದ ದುರ್ಬಲ ವರ್ಗದವರು. ಕೊನೆಗೆ ಎಲ್ಲಾ ಮನೆಗೂ ನೀರು ಬಂತು ಅಂತ ಗ್ರಾಮಸಭೆ ನಿರ್ಣಯ ಮಾಡಿದರೆ ಮಾತ್ರ ಊರಿಗೆ ಸರ್ಟಿಫಿಕೇಟು.

ಇಷ್ಟೂ ನಮ್ಮ ಕಡೆಗೇ ಇದೆ. ಆದರೂ ನಮ್ಮ ಕೇರಿಯಲ್ಲಿ ಈ ಸಮಿತಿಯ ಹೆಸರು ಕೇಳಿದವರು ಎಷ್ಟು ಜನ? ನಮ್ಮಪ್ಪ ಹೆಬ್ಬೆಟ್ಟು ಒತ್ತಿ ಬಂದ ಕಾಗದಗಳನ್ನ ಬಿಡಿಸಿ ಓದಿದ ಮೊದಲನೆಯವನು ನಾನು. ಒಂದರಲ್ಲಿ ಅವನು ಯಾವುದೋ ಸಮಿತಿಯ ಸದಸ್ಯ ಅಂತ ಬರೆದಿತ್ತು. ಅವನಿಗೇ ಗೊತ್ತಿರಲಿಲ್ಲ. 'ಗೌಡ್ರು ಒತ್ತು ಅಂದ್ರು, ಒತ್ದೆ' ಅಂದ. ನಮ್ಮ ಕಾಲುಭಾಗ ಹೀಗೆ ಭರ್ತಿಯಾಗುತ್ತದೆ. ಹೆಂಗಸರ ಅರ್ಧಭಾಗದ ಕತೆಯೂ ಇದೇ. ಹೆಸರು ಹೆಂಡತಿಯದು, ಸಭೆಗೆ ಬರೋನು ಗಂಡ, ಮಾತಾಡೋನು ಕಂಟ್ರಾಕ್ಟರು.

ಇದು ಇವತ್ತಿನ ಕತೆಯಲ್ಲ. ಹಳೇ ಮೈಸೂರಿನ ಅನೇಕ ಊರುಗಳಲ್ಲಿ ಕೆರೆಯ ತೂಬು ಎತ್ತುವ ನೀರಗಂಟಿ ನಮ್ಮವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಳೆದು ಬಿಟ್ಟವನು ಅವನು. ಏರಿ ಒಡೆದರೆ ರಾತ್ರಿಯೆಲ್ಲ ಮಣ್ಣು ಹೊತ್ತವನೂ ಅವನೇ. ಊರಿನ ನೀರೆಲ್ಲ ಅವನ ಕೈಯಲ್ಲಿ ಹಾದು ಹೋಗಬಹುದಿತ್ತು. ಅವನ ಹೆಂಡತಿಯ ಕೊಡ ಮಾತ್ರ ಊರ ಬಾವಿಗೆ ಇಳಿಯುವ ಹಾಗಿರಲಿಲ್ಲ. ಗದ್ದೆಗೆ ಹರಿಯುವಾಗ ಮೈಲಿಗೆಯಾಗದ ನೀರು ಕೊಡಕ್ಕೆ ಬರುವಾಗ ಹೇಗೆ ಮೈಲಿಗೆಯಾಯಿತು? ಯಾವ ಶಾಸ್ತ್ರಿಯೂ ಇದಕ್ಕೆ ಉತ್ತರ ಹೇಳಿಲ್ಲ.

ನಮ್ಮ ಬೇಲೂರನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಮದನಿಕೆಯರನ್ನ ನೋಡೋಕೆ ದೇಶದೇಶದಿಂದ ಜನ ಬರ್ತಾರೆ. ಆ ಚೆನ್ನಕೇಶವನ ಪಾದಕ್ಕೆ ಮಾದಿಗರು ಚಪ್ಪಲಿ ಮಾಡಿ ತಂದೊಪ್ಪಿಸುವ ಪದ್ಧತಿ ಇತ್ತೆಂದು, ವರ್ಷದಲ್ಲಿ ಗೊತ್ತಾದ ದಿನ ಮಾತ್ರ ನಮ್ಮವರಿಗೆ ಗುಡಿಯ ಪ್ರವೇಶವಿತ್ತೆಂದು ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ದಾಖಲಾಗಿದೆ. ಇದನ್ನ ಔದಾರ್ಯ ಅಂತ ಹೊಗಳುವ ಪಂಡಿತರಿದ್ದಾರೆ. ದೇವರಿಗೆ ಚಪ್ಪಲಿ ಬೇಕು, ಹೊಲಿಯುವವನು ಬೇಕು. ಉಳಿದ ದಿನ ಅವನು ಬಾಗಿಲಾಚೆ. ಇವತ್ತಿನ ಸಮಿತಿಯ ಕಾಲುಭಾಗವೂ ಅಂಥದೇ ಪ್ರವೇಶ. ಸಹಿ ಹಾಕುವ ದಿನ ಒಳಗೆ, ಉಳಿದ ದಿನ ಹೊರಗೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ನೆನಪಿಡಿ, ಅಲ್ಲಿ ಕಾನೂನು ಆಗಲೇ ಆಗಿತ್ತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ಸಲ್ಲಬೇಕು ಅಂತ 1923ರಲ್ಲೇ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಒಪ್ಪಿತ್ತು. ಕಾಗದ ಒಪ್ಪಿತ್ತು, ಊರು ಒಪ್ಪಿರಲಿಲ್ಲ. ನಮ್ಮವರು ಕುಡಿದು ಹೋದ ಮೇಲೆ ಸವರ್ಣೀಯರು ಮೊಸರು, ಸಗಣಿ, ಗಂಜಲದ 108 ಕೊಡ ಸುರಿದು ಕೆರೆಯನ್ನ 'ಶುದ್ಧ' ಮಾಡಿದರು. ಮುಂಬಯಿ ಹೈಕೋರ್ಟಿನಲ್ಲಿ ಕೇಸು ಗೆಲ್ಲಲು 1937 ಆಯಿತು.

ಆ ಕಾಲ ಹೋಯ್ತು ಬಿಡ್ರಪ್ಪ ಅನ್ನುವವರು ಚಾಮರಾಜನಗರದ ಹೆಗ್ಗೊಠಾರಕ್ಕೆ ಹೋಗಿಬನ್ನಿ. 2022ರ ನವೆಂಬರಿನಲ್ಲಿ ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬಾಯಾರಿ ಮೇಲ್ಜಾತಿಯವರ ಬೀದಿಯ ತೊಂಬೆ ನಲ್ಲಿಗೆ ಬಾಯಿಟ್ಟಳು. ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. ಅಧಿಕಾರಿಗಳು ಬಂದು ನಮ್ಮ ಹುಡುಗರನ್ನ ಕರೆದುಕೊಂಡು ಹೋಗಿ ತೊಂಬೆ ನೀರು ಕುಡಿಸಿದರು. ಮಹಾಡಿನಿಂದ ಹೆಗ್ಗೊಠಾರಕ್ಕೆ 95 ವರ್ಷ. ಕೆರೆ ಹೋಗಿ ತೊಂಬೆ ಬಂತು. ಗಂಜಲ ಮಾತ್ರ ಅದೇ.

ಹೆಗ್ಗೊಠಾರದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಬೀದಿಗೊಂದು ತೊಂಬೆ ಇದ್ದದ್ದರಿಂದಲೇ 'ನಮ್ಮ ತೊಂಬೆ, ನಿಮ್ಮ ತೊಂಬೆ' ಅನ್ನೋ ಮಾತು ಬಂತು. ನನ್ನ ವಾದ ಇರುವುದು ಇಲ್ಲೇ.

ಅಬ್ದುಲ್ ನಜೀರ್ ಸಾಬರನ್ನ ಜನ 'ನೀರ್ ಸಾಬ್' ಅಂತ ಕರೆದದ್ದು ಸುಮ್ಮನೆ ಅಲ್ಲ. 1983ರಿಂದ ತೀರಿಹೋಗುವವರೆಗೆ ಮಂತ್ರಿಯಾಗಿದ್ದು ಹಳ್ಳಿಹಳ್ಳಿಗೂ ಬೋರ್‌ವೆಲ್ ಹಾಕಿಸಿದ ಪುಣ್ಯಾತ್ಮ. ನಮ್ಮ ಕೇರಿಗಳು ಮೇಲಿಂದ ಯಾರಾದರೂ ಬೊಗಸೆಗೆ ಹೊಯ್ಯಲಿ ಅಂತ ಕಾಯುವುದನ್ನ ಬಿಟ್ಟದ್ದು ಆ ಕೈಪಂಪಿನಿಂದ. ಅವರ ಋಣ ದೊಡ್ಡದು. ಆದರೆ ಊರಿನ ಪಟ್ಟಭದ್ರರು ಆ ಕೈಪಂಪನ್ನ ತಮ್ಮ ಅನುಕೂಲಕ್ಕೆ ತಿರುಗಿಸಿಕೊಂಡರು. 'ಅವರಿಗೆ ಅವರದೇ ಬೋರ್ ಆಯ್ತಲ್ಲ, ಇನ್ನು ನಮ್ಮ ಬಾವಿಗ್ಯಾಕೆ ಬರ್ತಾರೆ?' ಸರ್ಕಾರಕ್ಕೂ ತಲೆನೋವು ತಪ್ಪಿತು. ಅಸ್ಪೃಶ್ಯತೆ ಹೋಗಲಾಡಿಸೋಕೆ ಧೈರ್ಯ ಬೇಕು. ಎರಡನೇ ಬೋರ್ ಕೊರೆಯೋಕೆ ದುಡ್ಡು ಸಾಕು. ಆಮೇಲೆ ಕಾಲೋನಿಗೊಂದು ತೊಂಬೆ ಬಂತು, ಕಾಲೋನಿಗೊಂದು ಸಮುದಾಯ ಭವನ ಬಂತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ ಎಲ್ಲರದು ಅನ್ನುತ್ತೆ, 17ನೇ ವಿಧಿ ಅಸ್ಪೃಶ್ಯತೆ ರದ್ದು ಅನ್ನುತ್ತೆ. ಸರ್ಕಾರ ತನ್ನದೇ ದುಡ್ಡಿನಲ್ಲಿ ಆ ಗೆರೆಯನ್ನ ಸಿಮೆಂಟು ಹಾಕಿ ಕಟ್ಟಿಕೊಟ್ಟಿತು.

ಬೇರೆ ತೊಂಬೆ ಕೆಟ್ಟರೆ ಏನಾಗುತ್ತೆ? ಮೋಟರು ಸುಟ್ಟರೆ ನಮ್ಮ ಕೇರಿ ಮಾತ್ರ ಒಣಗುತ್ತೆ. ಪಂಚಾಯ್ತಿಗೆ ಅವಸರವಿಲ್ಲ. ಪಿಡಿಒ ಮೀಟಿಂಗಿನಲ್ಲಿರ್ತಾನೆ. ನಮ್ಮವ್ವ ಹದಿನೈದು ದಿನ ತೋಟದ ಹಳ್ಳಕ್ಕೆ ಹೋಗ್ತಾಳೆ. ಊರಿಗೆಲ್ಲ ಒಂದೇ ಟ್ಯಾಂಕಿದ್ದು ಅದು ಕೆಟ್ಟರೆ? ಬೆಳಗಾಗುವುದರೊಳಗೆ ಗೌಡರ ಮನೆಯಿಂದ ಫೋನು ಹೋಗುತ್ತೆ. ಮಧ್ಯಾಹ್ನಕ್ಕೆ ಮೆಕ್ಯಾನಿಕ್ ಬರ್ತಾನೆ. ಅವರ ಬಾಯಾರಿಕೆಯ ಜೊತೆ ನಮ್ಮ ಬಾಯಾರಿಕೆಯನ್ನ ಕಟ್ಟಿಹಾಕದೆ ಈ ದೇಶದಲ್ಲಿ ನಮಗೆ ನೀರಿಲ್ಲ. ಅದಕ್ಕೇ ಹೇಳ್ತೀನಿ: ಬಿಕ್ಕೋಡಿನಂಥ ಊರಿನಲ್ಲಿ ನೀರಿನ ನಕ್ಷೆ ಬರೆಯುವಾಗ ಬೇರೆ ಟ್ಯಾಂಕು ಕೇಳಬೇಡಿ. ಕೊಟ್ಟರೂ ಬೇಡ ಅನ್ನಿ. ಊರಿಗೆಲ್ಲ ಒಂದೇ ಟ್ಯಾಂಕು, ಅದು ನಮ್ಮ ಕೇರಿಯಲ್ಲಿ ನಿಲ್ಲಲಿ. ನೀರು ನಮ್ಮಲ್ಲಿಂದ ಹೊರಟು ಊರಿಗೆ ಹೋಗಲಿ.

ಇದಕ್ಕೆ ಮೊದಲ ಆಕ್ಷೇಪಣೆ ಇಂಜಿನಿಯರರದ್ದು. 'ಟ್ಯಾಂಕು ಎತ್ತರದಲ್ಲಿರಬೇಕು ಕಣಪ್ಪ, ನಿಮ್ಮ ಕೇರಿ ತಗ್ಗಿನಲ್ಲಿದೆ.' ನಮ್ಮನ್ನ ತಗ್ಗಿಗೆ, ಊರ ಬಚ್ಚಲು ಹರಿಯೋ ಕಡೆಗೆ ತಳ್ಳಿದವರು ಯಾರು ಸ್ವಾಮಿ? ತಗ್ಗಿದ್ದರೆ ಟ್ಯಾಂಕಿನ ಕಂಬ ಎತ್ತರ ಮಾಡಿ. ಖರ್ಚು ಜಾಸ್ತಿ ಅಂದರೆ ಎಷ್ಟು ಜಾಸ್ತಿ ಅನ್ನೋ ಲೆಕ್ಕವನ್ನ ಗ್ರಾಮಸಭೆಯ ಮುಂದಿಡಿ. ನಿಜಕ್ಕೂ ಮಟ್ಟ ಕೂಡದ ಊರಿನಲ್ಲಿ ಟ್ಯಾಂಕಿನಿಂದ ಹೊರಡುವ ಮೊದಲ ಲೈನು ನಮ್ಮ ಕೇರಿಗೆ ಬರಲಿ, ಆಮೇಲೆ ಊರೊಳಕ್ಕೆ ಹೋಗಲಿ. ನೀರು ಬಿಟ್ಟಾಗ ಮೊದಲ ನಲ್ಲಿಗಳಲ್ಲಿ ಒತ್ತಡ ಇರುತ್ತೆ. ಅಲ್ಲೆಲ್ಲ ಸಂಪು ತುಂಬಿ, ಮೋಟರು ಎಳೆದು, ತುದಿಗೆ ಬರೋ ಹೊತ್ತಿಗೆ ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ. ಆ ಗಾಳಿಯನ್ನ ಇಷ್ಟು ವರ್ಷ ನಾವು ಕುಡಿದಿದ್ದೇವೆ. ತುದಿಯಲ್ಲಿ ಯಾರಿರಬೇಕು ಅನ್ನೋದನ್ನ ಇಂಜಿನಿಯರಿಂಗ್ ಪುಸ್ತಕ ತೀರ್ಮಾನಿಸಿಲ್ಲ.

ಎರಡನೇ ಆಕ್ಷೇಪಣೆ ನಮ್ಮವ್ವನದು. 'ಎಲ್ಲಾದ್ರೂ ನಿಲ್ಲಿಸ್ಕೊಳ್ಳಿ ಮಗ, ನೀರು ಬಂದ್ರೆ ಸಾಕು. ನಿನ್ ಹಟಕ್ಕೆ ಬರೋ ತೊಂಬೇನೂ ತಪ್ಪಿಸ್ಬೇಡ.' ಈ ಮಾತಿಗೆ ನಾನು ತಲೆಬಾಗುತ್ತೇನೆ. ಕೊಡ ಹೊತ್ತ ಸೊಂಟ ಅವಳದು, ನನ್ನದಲ್ಲ. ಆದರೆ ಅವ್ವಾ, ಹಿಂದಿನ ತೊಂಬೆ ಬಂದಾಗಲೂ 'ಬಂದ್ರೆ ಸಾಕು' ಅಂದಿದ್ದೆಯಲ್ಲ. ಅದು ಬಂತು. ಎಷ್ಟು ಬೇಸಿಗೆ ನೀರು ಕೊಡ್ತು? ನಿನ್ನ ಸೊಂಟದ ನೋವಿಗೆ ಮದ್ದು ಇನ್ನೊಂದು ತೊಂಬೆಯಲ್ಲಿಲ್ಲ. ಊರವರಿಗೂ ನಮಗೂ ಒಂದೇ ದಿನ ಬರುವ, ಒಂದೇ ದಿನ ನಿಲ್ಲುವ ನೀರಲ್ಲಿದೆ.

ಮೂರನೇ ಆಕ್ಷೇಪಣೆ ನಮ್ಮ ಲೀಡರುಗಳದ್ದು. ಪರಿಶಿಷ್ಟರ ಉಪಯೋಜನೆಯ ಹಣ ಇದೆಯಲ್ಲ, ಅದರಲ್ಲಿ ನಮಗೇ ಬೇರೆ ಟ್ಯಾಂಕು ಕಟ್ಟಿಸೋಣ ಅಂತಾರೆ. ಬೇರೆ ಟ್ಯಾಂಕು ಅಂದರೆ ಬೇರೆ ಕಂಟ್ರಾಕ್ಟು, ಗೊತ್ತಿರೋ ವಿಷಯ. 2013ರಲ್ಲಿ ಆ ಹಣಕ್ಕೆ ಕಾಯಿದೆಯ ಬೇಲಿ ಬಂತು. ಅದರಲ್ಲೂ 7(ಡಿ) ಅಂತ ಒಂದು ಕಂಡಿ ಬಿಟ್ಟಿದ್ದರು. ಎಲ್ಲರಿಗೂ ಆಗುವ ಕಾಮಗಾರಿಗೆ ನಮ್ಮ ಹಣ ಸುರಿದು, ನಮಗೇ ಖರ್ಚಾಯಿತು ಅಂತ ಲೆಕ್ಕ ಬರೆಯುವ ಕಂಡಿ. ಹೋರಾಟ ಮಾಡಿ 2023ರಲ್ಲಿ ಅದನ್ನ ಮುಚ್ಚಿಸಿದೆವು. ಹಾಗಾಗಿ ಊರಿನ ಟ್ಯಾಂಕು ಊರಿನ ಹಣದಲ್ಲೇ ಆಗಲಿ. ನಮ್ಮ ಹಣ ನಮ್ಮ ಹುಡುಗಿಯರ ಹಾಸ್ಟೆಲ್ಲಿಗೆ, ಭೂಮಿಗೆ ಹೋಗಲಿ. ಕುಡಿಯುವ ನೀರು ನಾವು ನಾಗರಿಕರು ಅನ್ನೋ ಕಾರಣಕ್ಕೆ ಬರಬೇಕು, ಪರಿಶಿಷ್ಟರು ಅನ್ನೋ ಕಾರಣಕ್ಕಲ್ಲ.

ಲೈನು ಮನೆಯವರ ಮಾತೂ ಇದೆ. ತೋಟದ ಲೈನಿನಲ್ಲಿ ಇರುವವರ ಕಾಲಡಿಯ ನೆಲ ಮಾಲೀಕನದು, ತಲೆ ಮೇಲಿನ ಹೆಂಚೂ ಅವನದೇ. ಮನೆಮನೆಗೆ ಅಂದಾಗ ಅವರ ಮನೆಯನ್ನ ಲೆಕ್ಕಕ್ಕೆ ಹಿಡಿಯುತ್ತಾರೋ? ತೋಟದ ಆಳಿಗೆ ಕುಡಿಯುವ ನೀರು ಕೊಡುವುದು ಮಾಲೀಕನ ಹೊಣೆ ಅಂತ 1951ರ ತೋಟ ಕಾರ್ಮಿಕರ ಕಾಯಿದೆಯೇ ಬರೆದಿತ್ತು. ಮಾಲೀಕ ಪಂಚಾಯ್ತಿ ಕಡೆ ಕೈ ತೋರಿಸಿದರೆ, ಪಂಚಾಯ್ತಿ ಮಾಲೀಕನ ಕಡೆ ಕೈ ತೋರಿಸಿದರೆ, ನಡುವೆ ಕೊಡ ಹಿಡಿದು ನಿಲ್ಲೋಳು ಯಾರು? ಅವಳ ಮನೆಯ ನಲ್ಲಿ ಲೆಕ್ಕಕ್ಕೆ ಸಿಗುವವರೆಗೆ ಸರ್ಟಿಫಿಕೇಟಿನ ನಿರ್ಣಯಕ್ಕೆ ನಮ್ಮ ಕೈ ಏಳಬಾರದು.

ಗೆಳೆಯರೇ, ಡಿಗ್ರಿ ತಗೊಂಡು ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯ್ತಿಗೆ ಹೋಗಿ ನೀರಿನ ಸಮಿತಿಯ ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಟ್ಟಿಯಲ್ಲಿ ನಮ್ಮವರ ಹೆಸರಿದ್ದರೆ ಅವರ ಮನೆಗೆ ಹೋಗಿ ಅವರಿಗೇ ಓದಿ ಹೇಳಿ. ಪೈಪಿನ ನಕ್ಷೆಯ ಒಂದು ಪ್ರತಿ ತಂದು ಕೇರಿಯ ಜಗಲಿ ಮೇಲೆ ಹರಡಿ. ಮೊದಲ ನಲ್ಲಿ ಎಲ್ಲಿ, ಕೊನೇ ನಲ್ಲಿ ಎಲ್ಲಿ, ವಾಲ್ವ್ ಎಲ್ಲಿ ಅಂತ ನಮ್ಮ ಹೆಂಗಸರು ಬೆರಳಿಟ್ಟು ತೋರಿಸಲಿ. ವಾಲ್ವ್ ತಿರುಗಿಸುವ ಕೆಲಸಕ್ಕೆ ನಮ್ಮ ಹೆಣ್ಣುಮಗಳೊಬ್ಬಳ ಹೆಸರು ಬರೆಸಿ, ಸಂಬಳದ ಸಮೇತ.

ಆಮೇಲೆ ಗ್ರಾಮಸಭೆಗೆ ಬನ್ನಿ. ಒಬ್ಬೊಬ್ಬರೇ ಬರಬೇಡಿ, ಕೇರಿಗೆ ಕೇರಿಯೇ ಬನ್ನಿ. ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ, ಮುಂದೆ ಕುರ್ಚಿ ಎಳೆದು ಕೂತುಕೊಳ್ಳಿ. ಟ್ಯಾಂಕಿನ ಜಾಗದ ವಿಷಯ ಬಂದಾಗ ಎದ್ದು ಹೇಳಿ. ಒಪ್ಪದಿದ್ದರೆ ಒಪ್ಪಲಿಲ್ಲ ಅನ್ನೋದನ್ನ, ಯಾಕೆ ಒಪ್ಪಲಿಲ್ಲ ಅನ್ನೋದನ್ನ, ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.